ಹೆಸರಿನ ಮುಂದಿನ ಶಬ್ದ

ನನ್ನ ಹೆಂಡತಿ ಕೃಷ್ಣಾಬಾಯಿ ತೀರಿಕೊಂಡ ದಿನವೇ ನಮ್ಮ ಓಣಿಯ ನೆನಪಿನ ಫಲಕದ ಮೇಲೆ ಅವಳ ಹೆಸರು ಮೂಡಿತು. ತೀರಿಕೊಂಡವರು ಊರಿನ ಬಗ್ಗೆ ಜಾಲತಾಣದಲ್ಲಿ ಬರೆದದ್ದನ್ನೆಲ್ಲ ಯಂತ್ರ ಓದಿ, ಊರಿನ ಮೇಲೆ ಅವರಿಗಿದ್ದ ಭಾವನೆ ಯಾವುದೆಂದು ಹೆಸರಿನ ಮುಂದೆ ಒಂದು ಶಬ್ದ ಹಾಕುವುದು ಈಗಿನ ಪದ್ಧತಿ. ಅವಳ ಹೆಸರಿನ ಮುಂದೆ ‘ದ್ವೇಷ’ ಎಂದಿತ್ತು. ತಿದ್ದಿಸದಿದ್ದರೆ ಅದು ಅಲ್ಲಿ ಶಾಶ್ವತವಾಗಿ ಉಳಿಯುವಂಥದ್ದು.

ಫಲಕದ ಕಚೇರಿಗೆ ಹೋದೆ. ಅಲ್ಲಿ ಕೂತಿದ್ದ ಶಕುಂತಲಾ ನಮ್ಮ ಓಣಿಯವಳೇ. ಕೃಷ್ಣಾಬಾಯಿ ಬರೆದದ್ದನ್ನು ತೆಗೆದು ಓದಿದಳು.

“ಕಾಕಾ, ಕಾಕೂ ಊರಿಗೆ ದಿನಾ ಬೈದಾರ್ರಿ. ‘ಈ ಸುಡುಗಾಡ ಊರಾಗ ನಳದ ನೀರು ಬಂದು ಎಂಟು ದಿನಾ ಆತು.’ ‘ಈ ಹಾಳ ಊರಿನ ಪೇಢೆ ತಿಂದು ನನ್ನ ಹಲ್ಲು ಹೋದ್ವು.’ ‘ಟಾಂಗಾ ಇದ್ದಾಗಿನ ಚೆಂದ ಈ ದರಿದ್ರ ಊರಿಗೆ ಈಗ ಎಲ್ಲಿ ಅದ?’”

ಮದುವೆಯಾದ ದಿನ ಅವಳನ್ನು ಮನೆಗೆ ಕರೆತಂದದ್ದು ಟಾಂಗಾದಲ್ಲೇ. ಓಣಿಯ ತಗ್ಗುಗಳನ್ನು ಅಂದೇ ಬೈಯತೊಡಗಿದ್ದಳು.

“ತಂಗಿ, ಐವತ್ತು ವರ್ಷ ಆಕಿ ನನಗೂ ಹಿಂಗ ಬೈದಾಳ. ಅದಕ್ಕೂ ದ್ವೇಷ ಅಂತೀಯೇನು?”

ಶಕುಂತಲಾ ತಲೆ ತಗ್ಗಿಸಿ ನಕ್ಕಳು. ಯಂತ್ರದ ಶಬ್ದವನ್ನು ಅಳಿಸಿ, ತಾನೇ ‘ಪ್ರೀತಿ’ ಎಂದು ಬರೆದಳು.

ವಿಠ್ಠಲಾ, ನಿನ್ನ ವೈಕುಂಠದಲ್ಲಿ ಬೈಯಲು ಯಾರೂ ಇಲ್ಲದೆ ಅವಳಿಗೆ ಬೇಸರವಾದೀತು. ನಾನು ಬರುವವರೆಗೆ ನೀನೇ ಬೈಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು.