ಅಡುಗೆಯವಳ ಪಾರ್ಟು

“ಅವ್ವಾ, ನೀ ನಾಟಕ ಕಂಪನಿಯಾಕಿ ಅಂತ ಗೊತ್ತಾದ್ರ ಬೀಗರು ಎದ್ದು ಹೋಗ್ತಾರ. ಇವತ್ತೊಂದಿನ ಅಡಿಗಿ ಮಾಡಾಕಿ ಆಗಿಬಿಡು,” ಎಂದ ಮಗ.

“ಆತು ಬಿಡಪಾ. ಅದೊಂದು ಪಾರ್ಟ್ ಉಳಿದಿತ್ತು.”

ಲಾರಿಯಲ್ಲಿ ಪರದೆಗಳ ಗಂಟಿನ ಮೇಲೆ ಕುಳಿತು ಊರೂರು ಸುತ್ತಿ, ರಂಗದ ಮೇಲೆ ಮಹಾರಾಣಿಯಾಗಿ ಮೆರೆದಿದ್ದ ಮುದುಕಿ, ಮೊಮ್ಮಗಳನ್ನು ನೋಡಲು ಬಂದವರಿಗಾಗಿ ಉಪ್ಪಿಟ್ಟು ತಿರುವತೊಡಗಿದಳು.

ಪಡಸಾಲೆಯಿಂದ ವರನ ತಂದೆಯ ದನಿ ಕೇಳಿತು. “ನಮಗ ಮನೆತನ ಮುಖ್ಯರಿ. ಹಾಡೋದು, ಕುಣಿಯೋದು ನಮ್ಮ ವಂಶದಾಗ ಯಾರಿಗೂ ಗೊತ್ತಿಲ್ಲ.”

“ನಮ್ಮಲ್ಲೂ ಇಲ್ರಿ,” ಎಂದ ಮಗ.

ಅಷ್ಟರಲ್ಲಿ, ಬೀಗರ ಜೊತೆ ಹಣ್ಣಿನ ಬುಟ್ಟಿ ಹೊತ್ತು ಬಂದಿದ್ದ ಅವರ ಮನೆಯ ಕೆಲಸದ ಮುದುಕಿ ನೀರು ಕುಡಿಯಲು ಅಡುಗೆಮನೆಗೆ ಬಂದಳು. ಇವಳು ಅತ್ತ ನೋಡದೆ, ಹಳೆಯ ನಾಟಕದ ಮಾತೊಂದನ್ನು ಬಾಣಲೆಗೆ ಹೇಳಿಕೊಂಡಳು. “ಸಖೀ, ಹೆತ್ತ ಮಗನೇ ನನ್ನನ್ನು ಯಾರೆಂದು ಕೇಳಿದನಲ್ಲ!”

ಆಕೆ ತಂಬಿಗೆ ಕೆಳಗಿಟ್ಟು ಸಖಿಯ ಮಾತನ್ನು ಒಪ್ಪಿಸಿದಳು. “ಮೆಲ್ಲಗೆ, ಮಹಾರಾಣಿ. ಗೋಡೆಗೂ ಕಿವಿಯುಂಟು.”

ಸೌಟು ನಿಂತಿತು. “ನೀ ಯಾವ ಕಂಪನಿಯಾಕಿ?”

“ಕಂಪನಿ ಹೆಸರು ಎತ್ತಬ್ಯಾಡವಾ. ಹೊರಗ ಮನೆತನದ ಮಾತಾಡಾಕತ್ತಾನಲ್ಲ, ಅಂವ ನನ್ನ ಮಗ.”