ಸಮುದ್ರದ ಎಡಗೊಂಬು

"ಕೆಟ್ಟೆ ತಾತ, ನಾನು ಕೆಟ್ಟೇ ಹೋದೆ!"

ಅನುಷಾಳ ಅಬ್ಬರಕ್ಕೆ ಐಮಂಗಲದ ಮನೆಯ ಜಗುಲಿಯ ಮೇಲೆ ತೂಕಡಿಸುತ್ತಿದ್ದ ಕುರಿಗಾಹಿ ಕರಿಸಿದ್ದಪ್ಪ ಬೆಚ್ಚಿ ಎದ್ದ. ಮೊಮ್ಮಗಳ ಮುಂದೆ ಸೂಕ್ಷ್ಮದರ್ಶಕ. ಅದರಡಿ ಉತ್ತರದ ಯಾವುದೋ ಸಮುದ್ರದ ತಳದ ಕೆಸರಿನಿಂದ ಹೆಕ್ಕಿದ, ರವೆಗಿಂತ ಸಣ್ಣ ಜೀವಿಗಳ ಚಿಪ್ಪುಗಳು. ಬಗ್ಗಿ ಬಗ್ಗಿ ಅವಳ ಕತ್ತು ಹಿಡಿದುಕೊಂಡಿತ್ತು. ಮೊಬೈಲಿನ ಹಿಂದಿನ ಕ್ಯಾಮೆರಾ ಬೇರೆ ಒಡೆದಿತ್ತು. ಸೆಲ್ಫಿ ಕ್ಯಾಮೆರಾದಲ್ಲೇ ಫೋಟೋ ಹೊಡೆದು, ಆ ಫೋಟೋ ನೋಡಿಯೇ ಮುನ್ನೂರು ಚಿಪ್ಪು ಎಣಿಸಿದ್ದಳು ಪುಣ್ಯಾತ್ಗಿತ್ತಿ.

"ಏನಾತೇ ನಿಂಗೆ?"

"ಈ ಚಿಪ್ಪು ಬಲಕ್ಕೆ ಸುತ್ತಿದ್ರೆ ಆಗ ಸಮುದ್ರ ಬೆಚ್ಚಗಿತ್ತು ಅಂತ. ಎಡಕ್ಕೆ ಸುತ್ತಿದ್ರೆ ಕೊರೆಯೋ ಚಳಿ. ಇವು ಇಪ್ಪತ್ತು ಸಾವಿರ ವರ್ಷದ ಹಿಂದಿನವು. ಆಗ ಹಿಮಯುಗ ತಾತ, ಚಳಿನೇ ಇರ್ಬೇಕು. ನನ್ನವು ನೋಡಿದ್ರೆ ಹೆಚ್ಚೂಕಮ್ಮಿ ಎಲ್ಲಾ ಬಲಕ್ಕೆ ಸುತ್ಕಂಡು ಕುಂತವೆ! ಸಂಜೆ ಸರ್‌ಗೆ ಕಳಿಸ್ಬೇಕು. ಈ ಸಲನೂ ತಪ್ಪಿದ್ರೆ ಪಿಎಚ್‌ಡಿ ಬಿಟ್ಟು ಮನೆಗೆ ಹೋಗು ಅಂದವ್ರೆ."

ಕರಿಸಿದ್ದಪ್ಪ ಒಂದು ಕಣ್ಣು ಮುಚ್ಚಿ ಕೊಳವೆಯೊಳಗೆ ಇಣುಕಿದ. "ಅಯ್ಯೋ ಇದ್ರ! ಟಗರಿನ ಕೊಂಬು ಇದ್ದಂಗೈತಲ್ಲೇ!" ಎಂದು ಹಲ್ಲು ಬಿಟ್ಟ. ಮೊಬೈಲು ನೋಡಿದ. ಮತ್ತೆ ಕೊಳವೆ ನೋಡಿದ. "ಲೇ, ಒಳಗಿರಾದು ಎಡಗೊಂಬು. ನಿನ್ನ ಫೋನಿನಾಗೆ ಬಲಗೊಂಬು ಆಗೈತೆ."

"ಸುಮ್ನಿರು ತಾತ, ನೀನೊಬ್ಬ."

"ಐವತ್ತು ವರ್ಷ ಟಗರು ಸಾಕೀನಿ ಕಣೇ. ಮುರಿದ ಕೊಂಬು ಕೈಗೆ ಕೊಡು, ಯಾವ ಕಡೇದು ಅಂತ ಕಣ್ಮುಚ್ಚಿ ಹೇಳ್ತೀನಿ."

ಅನುಷಾ ಗುಮಾನಿಯಿಂದಲೇ, ಕೈಗೆ ಸಿಕ್ಕ ಬಿಸ್ಕತ್ತಿನ ಪೊಟ್ಟಣವನ್ನು ಅದೇ ಕ್ಯಾಮೆರಾದಲ್ಲಿ ಹೊಡೆದು ನೋಡಿದಳು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು! ಅಂದರೆ ಬಲವೆಲ್ಲ ಎಡ!

"ಚಳಿ ತಾತ, ಚಳಿ! ಕೊರೆಯೋ ಚಳಿ!" ಆ ಸುಡುಬಿಸಿಲಲ್ಲಿ ತಾತನ ಎರಡೂ ಕೈ ಹಿಡಿದು ಅಂಗಳದ ತುಂಬ ಗಿರಗಿರ ತಿರುಗಿಸಿದಳು. "ಬಿಡೇ, ಪಂಚೆ ಉದುರ್ತೈತೆ!" ಎಂದು ಮುದುಕ ಕೂಗಿದಷ್ಟೂ ಅವಳಿಗೆ ಖುಷಿ ಉಕ್ಕಿತು.

ಏದುಸಿರು ನಿಂತ ಮೇಲೆ ಕರಿಸಿದ್ದಪ್ಪ ಮತ್ತೆ ಕೊಳವೆಗೆ ಕಣ್ಣಿಟ್ಟ. "ಇವು ಎಷ್ಟು ದಿನ ಬದುಕ್ತವೆ?"

"ಒಂದು ತಿಂಗಳು, ಅಷ್ಟೇ."

"ಒಂದು ತಿಂಗಳು ಬದುಕಿ, ಇಪ್ಪತ್ತು ಸಾವಿರ ವರ್ಷದಿಂದ ಚಳಿ ಚಳಿ ಅಂತಾನೇ ಅವೆ!" ಆತ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಮಜ್ಜೀನೇ ವಾಸಿ ಬಿಡು."