ಮಿಂಚಿಗೆ ಬೇಕಾದ ಕತ್ತಲು

ಅಕ್ಕಿ ಅರ್ಧ ನುಣ್ಣಗಾಗುವಷ್ಟರಲ್ಲಿ ಕರೆಂಟ್ ಹೋಗಿ ಗ್ರೈಂಡರ್ ನಿಂತಿತು. ಮರುದಿನ ಮಗಳನ್ನು ನೋಡಲು ಗಂಡಿನ ಕಡೆಯವರು ಹದಿನಾಲ್ಕು ಮಂದಿ ಬರುವವರಿದ್ದರು. ಈಗಲೇ ರುಬ್ಬದಿದ್ದರೆ ಹಿಟ್ಟು ಹುದುಗುವುದಿಲ್ಲ, ಹುದುಗದಿದ್ದರೆ ಇಡ್ಲಿ ಕಲ್ಲಾಗುತ್ತದೆ, ಕಲ್ಲು ತಿಂದವರು ಹೆಣ್ಣು ಒಪ್ಪುವುದುಂಟೇ? ಚೆನ್ನಾಜಮ್ಮ ಟಾರ್ಚ್ ಹಿಡಿದು, ಸಿಗ್ನಲ್ ಸಿಗುವ ತಾರಸಿಗೆ ದಡದಡನೆ ಹತ್ತಿದಳು.

ಮೇಲಿನ ಮನೆಗೆ ಮೊನ್ನೆಯಷ್ಟೇ ಬಾಡಿಗೆಗೆ ಬಂದಿದ್ದ ಯುವಕ ಅಲ್ಲಿ ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ ಆಕಾಶ ಕಾಯುತ್ತಿದ್ದ.

“ಆಂಟಿ, ಟಾರ್ಚ್ ಆರಿಸಿ. ಮಿಂಚು ಹಿಡೀತಿದೀನಿ.”

“ಹಿಡಿದು ಏನ್ ಮಾಡ್ತೀಯಪ್ಪ? ಅದರಲ್ಲಿ ನನ್ನ ಗ್ರೈಂಡರ್ ತಿರುಗುತ್ತಾ?”

“ಫೋಟೊ, ಆಂಟಿ. ಬೀದಿ ದೀಪ ಉರೀತಿದ್ರೆ ಮಿಂಚು ಮಂಕಾಗ್ಬಿಡುತ್ತೆ. ದೇವರ ದಯೆ, ಇವತ್ತು ಊರಿಗೂರೇ ಕತ್ತಲು.”

“ದೇವರಲ್ಲ, ಆ ಕರೆಂಟ್ ಆಫೀಸಿನೋನು! ಆಕಾಶ ಒಂದ್ಸಲ ಕಣ್ಣು ಮಿಟುಕಿಸಿದ್ರೆ ಸಾಕು, ಊರನ್ನೇ ಆರಿಸ್ತಾನೆ ಪುಕ್ಕಲ. ಇರು, ಇವತ್ತು ಅವನ ಗ್ರಹಚಾರ ಬಿಡಿಸ್ತೀನಿ.”

“ಬಿಡಿಸಿ ಆಂಟಿ, ಸ್ವಲ್ಪ ಆ ಮೂಲೆಗೆ ಹೋಗಿ ಬಿಡಿಸಿ,” ಎಂದು ಆತ ಕ್ಯಾಮೆರಾಕ್ಕೆ ಕಣ್ಣಿಟ್ಟ.

ಆಕೆ ಕರೆಂಟ್ ಬಿಲ್ಲಿನ ಹಿಂದೆ ಗೀಚಿಕೊಂಡಿದ್ದ ಆ ಆಫೀಸಿನ ಮೊಬೈಲ್ ನಂಬರು ಒತ್ತಿದಳು. ಅದೇ ಗಳಿಗೆಗೆ ಗುಡ್ಡದ ಮೇಲೆ ಮಿಂಚೊಂದು ಕವಲೊಡೆದು ಇಳಿಯಿತು.

“ನಮಸ್ಕಾರ, ಲೈನ್ ಮೇಲೆ ಮರ ಬಿದ್ದಿದೆ, ಇನ್ನೊಂದು ಗಂಟೆ ಆಗುತ್ತೆ” ಎಂಬ ಉತ್ತರ ಆಕೆಯ ಒಂದು ಕಿವಿಗೆ ಫೋನಿನಿಂದಲೂ ಇನ್ನೊಂದು ಕಿವಿಗೆ ಕ್ಯಾಮೆರಾದ ಹಿಂದಿನಿಂದಲೂ ಬಂತು.